ಹಿಸ್ಟಮಿನ್ ಎಂದರೇನು? ಏವಿಲ್ ಸೂಜಿ ಯಾವಾಗ ಸಾಕು, ಯಾವಾಗ ಸಾಲದು?

(ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ತಾಲೂಕುಗಳ ಹಾಲು ಉತ್ಪಾದಕ ಸದಸ್ಯರ ತರಬೇತಿ ಶಿಬಿರದಲ್ಲಿ ಪಶುವೈದ್ಯರೊಬ್ಬರು ನೀಡಿದ ಉಪನ್ಯಾಸದ ಪಾಠ)



ನಮ್ಮ ಈ ನಾಲ್ಕು ತಾಲೂಕುಗಳಲ್ಲಿ ಯಾವ ಊರಿಗೆ ಹೋದರೂ, ಯಾವ ತೋಟದ ವಸ್ತಿಗೆ ಹೋದರೂ ನನ್ನ ಕಿವಿಗೆ ಬೀಳುವ ಮಾತು ಒಂದಿದೆ. "ಸಾಹೇಬ್ರ, ಒಂದು ಏವಿಲ್ ಸೂಜಿ ಮಾಡಿಬಿಡ್ರಿ, ಎಲ್ಲಾ ಇಳೀತದ." ಆಕಳ ಮುಖ ಬಾತರೂ ಏವಿಲ್, ಎಮ್ಮೆ ಮೇವು ಬಿಟ್ಟರೂ ಏವಿಲ್, ಎತ್ತಿಗೆ ಚೇಳು ಕಡಿದರೂ ಏವಿಲ್. ಮನೆಯಲ್ಲಿ ಮಕ್ಕಳಿಗೆ ಪಿತ್ತದ ಗಂಧೆ ಎದ್ದರೆ ಅದೇ ಹೆಸರಿನ ಗುಳಿಗೆ. ಇಷ್ಟು ನಂಬಿಕೆ ಇಟ್ಟಿರುವ ಈ ಔಷಧಿ ಮೈಯೊಳಗೆ ಹೋಗಿ ಏನು ಮಾಡುತ್ತದೆ ಎಂದು ಕೇಳಿದರೆ ಉತ್ತರ ಹೇಳುವವರು ಕಡಿಮೆ. ಅದನ್ನು ತಿಳಿಯದೆ ಬಳಸಿದ್ದರಿಂದ ದನ ಸತ್ತದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆದ್ದರಿಂದ ಇಂದು ಈ ವಿಷಯವನ್ನು ಎತ್ತಿಕೊಂಡಿದ್ದೇನೆ.

ಏವಿಲ್ ಎಂಬುದು ಫೆನಿರಮಿನ್ ಎಂಬ ಔಷಧಿಯ ಮಾರಾಟದ ಹೆಸರು. ಅದು 'ಹಿಸ್ಟಮಿನ್ ವಿರೋಧಿ' ಗುಂಪಿನ ಔಷಧಿ. ಹಾಗಾದರೆ ಈ ಹಿಸ್ಟಮಿನ್ ಯಾರು? ಅದನ್ನು ನಾವು ಯಾಕೆ ವಿರೋಧಿಸಬೇಕು? ಮೊದಲು ಅದನ್ನು ನೋಡೋಣ.

ಮೈಯೊಳಗಿನ ತಳವಾರ

ಹಿಸ್ಟಮಿನ್ ಹೊರಗಿನಿಂದ ಬಂದ ವಿಷವಲ್ಲ. ತಮ್ಮ ಮೈಯಲ್ಲೂ, ತಮ್ಮ ಆಕಳ ಮೈಯಲ್ಲೂ ಈ ಕ್ಷಣದಲ್ಲಿ ಅದು ಇದೆ. ನಾವು ತಿನ್ನುವ ಬೇಳೆ, ಹಾಲು, ಕಾಳಿನ ಸಸಾರಜನಕದಲ್ಲಿ ಹಿಸ್ಟಿಡಿನ್ ಎಂಬ ಒಂದು ಅಂಶವಿರುತ್ತದೆ. ದೇಹವು ಅದರಿಂದಲೇ ಹಿಸ್ಟಮಿನ್ ತಯಾರಿಸಿಕೊಳ್ಳುತ್ತದೆ. ತೊಗಲಿನ ಕೆಳಗೆ, ಮೂಗಿನಲ್ಲಿ, ಶ್ವಾಸನಾಳದಲ್ಲಿ, ಕರುಳಿನಲ್ಲಿ ಮಾಸ್ಟ್ ಕೋಶಗಳೆಂಬ ಸಣ್ಣ ಸಣ್ಣ ಕೋಶಗಳಿವೆ. ಈ ಕೋಶಗಳು ಹಿಸ್ಟಮಿನ್ ಅನ್ನು ಚೀಲದಲ್ಲಿ ಕಾಳು ತುಂಬಿದಂತೆ ತುಂಬಿಕೊಂಡು ಕುಳಿತಿರುತ್ತವೆ.

ಗಾಯವಾದಾಗ, ಹುಳ ಕಡಿದಾಗ, ಒಗ್ಗದ ವಸ್ತು ಒಳಹೊಕ್ಕಾಗ ಈ ಚೀಲಗಳು ಬಿಚ್ಚುತ್ತವೆ. ಹೊರಬಂದ ಹಿಸ್ಟಮಿನ್ ಹತ್ತಿರದ ಸಣ್ಣ ರಕ್ತನಾಳಗಳನ್ನು ಅಗಲಗೊಳಿಸುತ್ತದೆ, ಅವುಗಳ ಗೋಡೆಯನ್ನು ಸಡಿಲ ಮಾಡುತ್ತದೆ. ರಕ್ತದ ನೀರಿನಂಶ ಹೊರಗೆ ಜಿನುಗಿ ಆ ಜಾಗ ಕೆಂಪಾಗುತ್ತದೆ, ಬಿಸಿಯಾಗುತ್ತದೆ, ಬಾಯುತ್ತದೆ, ತುರಿಸುತ್ತದೆ. ರೋಗದ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳು ಆ ಜಾಗಕ್ಕೆ ಬರಲು ಇದರಿಂದ ಅನುಕೂಲ. ಊರಲ್ಲಿ ಕಳ್ಳ ಹೊಕ್ಕಾಗ ತಳವಾರ ಕೂಗಿ ಜನರನ್ನು ಎಬ್ಬಿಸುವಂತೆ ಹಿಸ್ಟಮಿನ್ ಕೆಲಸ. ಮಿತದಲ್ಲಿದ್ದರೆ ಅದು ರಕ್ಷಣೆ. ಆದರೆ ನಿರುಪದ್ರವಿ ವಸ್ತುವನ್ನೇ ಕಳ್ಳನೆಂದು ತಿಳಿದು ಕೂಗಿದರೆ ಅದನ್ನು ನಾವು ಅಲರ್ಜಿ ಎನ್ನುತ್ತೇವೆ.

ಇಲ್ಲಿ ಒಂದು ಮುಖ್ಯ ಅಂಶವನ್ನು ಗಮನಿಸಬೇಕು. ಅಲರ್ಜಿ ಸಾಮಾನ್ಯವಾಗಿ ಮೊದಲ ಸಲವೇ ಬರುವುದಿಲ್ಲ. ಮೊದಲ ಸಲ ದೇಹ ಆ ವಸ್ತುವಿನ ಗುರುತು ಹಿಡಿದಿಟ್ಟುಕೊಳ್ಳುತ್ತದೆ. ಎರಡನೆಯ ಸಲವೋ, ಹತ್ತನೆಯ ಸಲವೋ ಅದೇ ವಸ್ತು ಬಂದಾಗ ಚೀಲಗಳು ಒಮ್ಮೆಲೇ ಬಿಚ್ಚುತ್ತವೆ. "ಹೋದ ಸಲ ಇದೇ ಸೂಜಿ ಮಾಡಿದ್ದರು, ಏನೂ ಆಗಿರಲಿಲ್ಲ" ಎಂಬ ಮಾತಿನ ಮೇಲೆ ಪೂರ್ತಿ ಭರವಸೆ ಇಡಲಾಗದು ಎಂಬುದಕ್ಕೆ ಇದೇ ಕಾರಣ.

ರೋಗದ ತೆನೆಯಿಂದ ಸಿಕ್ಕ ವಸ್ತು

ಹಿಸ್ಟಮಿನ್ ಕಂಡುಹಿಡಿದ ಕಥೆ ರೈತರಾದ ತಮಗೆ ಹತ್ತಿರದ್ದು. ಸಜ್ಜೆಯ ತೆನೆಯಲ್ಲಿ ಮೊದಲು ಜೇನಿನಂಥ ಅಂಟು ಸುರಿದು, ಆಮೇಲೆ ಕಾಳಿನ ಬದಲು ಕಪ್ಪು ಗಂಟು ಬರುವ ರೋಗವನ್ನು ಇಂಡಿ, ಸಿಂದಗಿ ಕಡೆಯ ಹಿರಿಯರು ಬಲ್ಲರು. ಅದು ಎರ್ಗಟ್ ಎಂಬ ಬೂಷ್ಟು ರೋಗ. ಯುರೋಪಿನಲ್ಲಿ ರೈ ಎಂಬ ಧಾನ್ಯಕ್ಕೆ ಬರುವ ಇದೇ ಜಾತಿಯ ರೋಗದ ಗಂಟುಗಳನ್ನು ಇಂಗ್ಲೆಂಡಿನಲ್ಲಿ ಹೆನ್ರಿ ಡೇಲ್ ಮತ್ತು ಜಾರ್ಜ್ ಬಾರ್ಜರ್ ಪರೀಕ್ಷಿಸುತ್ತಿದ್ದರು. 1910ರಲ್ಲಿ ಅವರು ಅದರಿಂದ ಹಿಸ್ಟಮಿನ್ ಬೇರ್ಪಡಿಸಿದರು. ಅದನ್ನು ಪ್ರಾಣಿಗಳಿಗೆ ಚುಚ್ಚಿದಾಗ ರಕ್ತದೊತ್ತಡ ಇಳಿಯಿತು, ಉಸಿರಾಟ ಕಷ್ಟವಾಯಿತು. ತೀವ್ರ ಅಲರ್ಜಿಯಲ್ಲಿ ಕಾಣುವ ಲಕ್ಷಣಗಳನ್ನು ಇದು ಹೋಲುತ್ತದೆ ಎಂದು ಡೇಲ್ ಗುರುತಿಸಿದರು.

ಮುಂದೆ 1937ರಲ್ಲಿ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿ ಡೇನಿಯಲ್ ಬೋವೆ ಮತ್ತು ಆನ್ ಮರೀ ಸ್ಟಾಬ್ ಮೊದಲ ಹಿಸ್ಟಮಿನ್ ವಿರೋಧಿ ವಸ್ತುವನ್ನು ಕಂಡುಹಿಡಿದರು. ಬೋವೆಯವರಿಗೆ 1957ರಲ್ಲಿ ನೊಬೆಲ್ ಪ್ರಶಸ್ತಿ ಬಂತು. ನಮ್ಮ ಏವಿಲ್ ಆ ವಂಶದ ಔಷಧಿ.

ಅದು ಕೆಲಸ ಮಾಡುವ ರೀತಿ ಹೀಗೆ. ಹಿಸ್ಟಮಿನ್ ಎಂಬುದು ಕೀಲಿಕೈ ಇದ್ದಂತೆ. ರಕ್ತನಾಳ, ಶ್ವಾಸನಾಳಗಳಲ್ಲಿ ಅದಕ್ಕೆ ಹೊಂದುವ ಕೀಲಿಗಳಿವೆ. ಏವಿಲ್ ಹೋಗಿ ಆ ಕೀಲಿಯ ರಂಧ್ರದಲ್ಲಿ ಕೂತುಬಿಡುತ್ತದೆ. ಹಿಸ್ಟಮಿನ್‌ಗೆ ಜಾಗ ಸಿಗುವುದಿಲ್ಲ. ಆದರೆ ಈಗಾಗಲೇ ಜಿನುಗಿ ನಿಂತ ನೀರನ್ನು ಅದು ಹಿಂದಕ್ಕೆ ಎಳೆಯಲಾರದು, ಬಿದ್ದುಹೋದ ರಕ್ತದೊತ್ತಡವನ್ನು ಎತ್ತಲಾರದು. ಈ ಮಾತನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಮುಂದೆ ಬೇಕಾಗುತ್ತದೆ.

ದನದ ಮೈ ಬಾತಾಗ

ಆಕಳ ಕಣ್ಣಿನ ರೆಪ್ಪೆ, ಮೂತಿ, ಈತದ ಜಾಗ ಒಮ್ಮೆಲೇ ಬಾತು, ಮೈಮೇಲೆ ರೂಪಾಯಿಯಷ್ಟಗಲದ ದದ್ದುಗಳು ಎದ್ದರೆ ಅದು ಸಾಮಾನ್ಯವಾಗಿ ಹಿಸ್ಟಮಿನ್ ಕೆಲಸ. ಹುಳ ಕಡಿತ, ಹೊಸ ಮೇವು, ಬೂಷ್ಟು ಹಿಡಿದ ಹಿಂಡಿ, ಯಾವುದಾದರೂ ಔಷಧಿ ಅಥವಾ ಲಸಿಕೆ ಇದಕ್ಕೆ ಕಾರಣವಾಗಬಹುದು. ಉಸಿರಾಟ ಸರಿ ಇದ್ದು, ದನ ಮೆಲುಕು ಹಾಕುತ್ತಿದ್ದರೆ ಗಾಬರಿ ಬೇಡ. ಇಂಥಲ್ಲಿ ಹಿಸ್ಟಮಿನ್ ವಿರೋಧಿ ಸೂಜಿ ಒಳ್ಳೆಯ ಕೆಲಸ ಮಾಡುತ್ತದೆ. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಬಾವು ಇಳಿಯುತ್ತದೆ. ಕಾರಣವಾದ ವಸ್ತುವನ್ನು ಮಾತ್ರ ದೂರ ಮಾಡಬೇಕು.

ತಮಗೆ ಆಶ್ಚರ್ಯವಾಗುವ ಇನ್ನೊಂದು ಸಂಗತಿ ಹೇಳುತ್ತೇನೆ. ಕೆಲವು ಆಕಳುಗಳಿಗೆ ತಮ್ಮ ಹಾಲೇ ಒಗ್ಗುವುದಿಲ್ಲ! ಜರ್ಸಿ ಮತ್ತು ಗರ್ನ್ಸಿ ತಳಿಗಳಲ್ಲಿ ಇದು ಹೆಚ್ಚಾಗಿ ಕಂಡುಬಂದಿದೆ. ಹಾಲನ್ನು ಹಿಂಡದೆ ಕೆಚ್ಚಲಲ್ಲಿ ನಿಲ್ಲಿಸಿದಾಗ ಒತ್ತಡಕ್ಕೆ ಹಾಲಿನ ಕೇಸಿನ್ ಎಂಬ ಅಂಶ ರಕ್ತಕ್ಕೆ ಸೇರುತ್ತದೆ. ದೇಹ ಅದನ್ನು ಪರಕೀಯವೆಂದು ತಿಳಿದು ಹಿಸ್ಟಮಿನ್ ಬಿಡುತ್ತದೆ. ಮೈ ತುಂಬ ದದ್ದು, ಚಡಪಡಿಕೆ, ಕೆಲವೊಮ್ಮೆ ಉಸಿರಾಟದ ತೊಂದರೆ ಕಾಣುತ್ತದೆ. ಸಂತೆಗೆ ಒಯ್ಯುವಾಗ ಕೆಚ್ಚಲು ತುಂಬಿ ಕಾಣಲಿ ಎಂದು ಒಂದೆರಡು ಹೊತ್ತು ಹಿಂಡದೆ ಬಿಡುವ ಪದ್ಧತಿ ನಮ್ಮಲ್ಲಿದೆ. ಗಬ್ಬದ ಆಕಳ ಹಾಲು ಬತ್ತಿಸುವಾಗಲೂ ಹೀಗಾಗಬಹುದು. ಇಂಥ ಆಕಳಿಗೆ ಮೊದಲ ಚಿಕಿತ್ಸೆ ಎಂದರೆ ಕೂಡಲೇ ಪೂರ್ತಿ ಹಾಲು ಹಿಂಡುವುದು. ಸಂತೆಯ ಸಲುವಾಗಿ ಹಾಲು ಕಟ್ಟಿ ನಿಲ್ಲಿಸುವ ಚಟವನ್ನು ಬಿಡುವುದು ಎಲ್ಲ ರೀತಿಯಿಂದಲೂ ಒಳ್ಳೆಯದು. ಅದರಿಂದ ಕೆಚ್ಚಲಬಾವೂ ತಪ್ಪುತ್ತದೆ.

ರಾಶಿಯ ಕಾಲದ ಎಚ್ಚರ

ಜೋಳದ ರಾಶಿ ನಡೆದಾಗ ಕಟ್ಟಿದ ಹಗ್ಗ ಹರಿದುಕೊಂಡು ಕಣಕ್ಕೆ ನುಗ್ಗಿದ ಎಮ್ಮೆ ಹೊಟ್ಟೆ ತುಂಬ ಕಾಳು ತಿನ್ನುವುದುಂಟು. ಮದುವೆ ಮನೆಯಲ್ಲಿ ಉಳಿದ ಅನ್ನ, ಚಪಾತಿ, ಹೋಳಿಗೆಯನ್ನು ಚೆಲ್ಲಬಾರದೆಂದು ಬುಟ್ಟಿಗಟ್ಟಲೆ ದನಕ್ಕೆ ಇಡುವುದೂ ಉಂಟು. ಆಗ ರೂಮೆನ್ ಎಂಬ ದೊಡ್ಡ ಹೊಟ್ಟೆಯಲ್ಲಿ ಹುಳಿ ಏರುತ್ತದೆ. ಆ ಹುಳಿಯಲ್ಲಿ ಕೆಲವು ಅಣುಜೀವಿಗಳು ಹಿಸ್ಟಿಡಿನ್ ಅನ್ನು ಹಿಸ್ಟಮಿನ್ ಆಗಿ ಮಾರ್ಪಡಿಸುತ್ತವೆ. ಹಿಸ್ಟಿಡಿನ್ ಒಂದನ್ನೇ ತಿಂದು ಬದುಕುವ ಇಂಥ ಒಂದು ಅಣುಜೀವಿಯನ್ನು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 2002ರಲ್ಲಿ ಆಕಳ ಹೊಟ್ಟೆಯಲ್ಲೇ ಗುರುತಿಸಿದರು.

ಹೀಗೆ ಹೊಟ್ಟೆ ಹುಳಿಯಾದ ದನ ಬದುಕಿ ಉಳಿದರೂ ಕೆಲವು ದಿನಗಳ ಮೇಲೆ ಗೊರಸಿನ ಒಳಗೆ ಉರಿಬಾವು ಬಂದು ಕುಂಟತೊಡಗುತ್ತದೆ. ಗೊರಸಿನ ಬಾವಿಗೆ ಹಿಸ್ಟಮಿನ್ ಒಂದೇ ಕಾರಣವೆಂದು ಹಿಂದೆ ಹೇಳುತ್ತಿದ್ದರು. ಹೊಟ್ಟೆಯ ಹುಳಿ, ಸತ್ತ ಅಣುಜೀವಿಗಳ ವಿಷ, ಹಿಸ್ಟಮಿನ್ ಎಲ್ಲವೂ ಕೂಡಿ ಇದನ್ನು ಮಾಡುತ್ತವೆ ಎಂಬುದು ಈಗಿನ ತಿಳಿವಳಿಕೆ. ಆದ್ದರಿಂದ ಕಾಳು ತಿಂದ ದನಕ್ಕೆ ಏವಿಲ್ ಒಂದನ್ನೇ ಮಾಡಿಸಿ ಸುಮ್ಮನಾಗಬಾರದು. ಮೊದಲು ಹೊಟ್ಟೆಯ ಹುಳಿಗೆ ಚಿಕಿತ್ಸೆಯಾಗಬೇಕು. ಎಷ್ಟು ಕಾಳು, ಎಷ್ಟು ಹೊತ್ತಿಗೆ ತಿಂದಿತು ಎಂಬುದನ್ನು ವೈದ್ಯರಿಗೆ ಮುಚ್ಚಿಡದೆ ಹೇಳಬೇಕು. ಲಕ್ಷಣ ಕಾಣುವವರೆಗೆ ಕಾಯಬಾರದು.

ಒಂದು ಎಮ್ಮೆ ಕಲಿಸಿದ ಪಾಠ

ಈಗ ನನ್ನ ಅನುಭವದ ಸಂಗತಿ. ಮುದ್ದೇಬಿಹಾಳ ತಾಲೂಕಿನ ಒಂದು ವಸ್ತಿ. ಎರಡನೆಯ ಸೂಲಿನ ಒಳ್ಳೆಯ ಎಮ್ಮೆ. ಕೆಚ್ಚಲು ಬಾತಿತ್ತು. ಹಿಂದಿನ ಸಲ ಉಳಿದ ಪೆನಿಸಿಲಿನ್ ಬಾಟಲಿ ಮನೆಯಲ್ಲಿತ್ತು. ಯಜಮಾನರು ತಾವೇ ಸೂಜಿ ಮಾಡಿದರು. ಹತ್ತು ನಿಮಿಷವಾಗುವಷ್ಟರಲ್ಲಿ ಎಮ್ಮೆ ಬಾಯಿ ತೆರೆದು ಏದುಸಿರು ಬಿಡತೊಡಗಿತು, ಬಾಯಲ್ಲಿ ನೊರೆ ಬಂತು, ಕಾಲು ನಡುಗಿ ಕುಸಿಯಿತು. ಅವರು ಏವಿಲ್ ತಂದಿಟ್ಟುಕೊಂಡಿದ್ದರು. ಅದನ್ನೂ ಮಾಡಿದರು. ಆಮೇಲೆ ನನಗೆ ಫೋನು ಮಾಡಿದರು. ನಾನು ಹೋಗಿ ತಲುಪುವಷ್ಟರಲ್ಲಿ ಎಮ್ಮೆ ಸತ್ತಿತ್ತು. ಮನೆಯ ತಾಯಿ ಅದರ ತಲೆಯ ಹತ್ತಿರ ಕೂತಿದ್ದರು. ಸಂಘಕ್ಕೆ ಅವರ ಹೆಸರಿನಲ್ಲೇ ಹಾಲು ಹೋಗುತ್ತಿತ್ತು. ಅವರು ಒಂದೇ ಮಾತು ಕೇಳಿದರು: "ಏವಿಲ್ ಮಾಡಿದ್ದೆವಲ್ರೀ ಸಾಹೇಬ್ರ?"

ಆ ಪ್ರಶ್ನೆಗೆ ಉತ್ತರವೇ ಇಂದಿನ ನನ್ನ ಉಪನ್ಯಾಸ. ಇದಕ್ಕೆ ಅನಾಫಿಲಾಕ್ಸಿಸ್ ಎನ್ನುತ್ತಾರೆ. ಎಂದರೆ ಇಡೀ ಮೈಯ ಚೀಲಗಳು ಒಂದೇ ಸಲ ಬಿಚ್ಚಿಕೊಳ್ಳುವ ತೀವ್ರ ಅಲರ್ಜಿ. ಆಗ ಹಿಸ್ಟಮಿನ್ ಒಂದೇ ಹೊರಬರುವುದಿಲ್ಲ. ಇನ್ನೂ ಹಲವು ವಸ್ತುಗಳು ಜೊತೆಗೆ ಬರುತ್ತವೆ. ದನಗಳಲ್ಲಂತೂ ಹಿಸ್ಟಮಿನ್‌ಗಿಂತ ಆ ಬೇರೆ ವಸ್ತುಗಳ ಹಾವಳಿಯೇ ಹೆಚ್ಚು, ಪೆಟ್ಟು ಬೀಳುವುದು ಮುಖ್ಯವಾಗಿ ಪುಪ್ಪುಸಕ್ಕೆ. ಒಂದು ಕೀಲಿಯನ್ನು ಮುಚ್ಚಿದ ಏವಿಲ್ ಅಲ್ಲಿ ಏನು ಮಾಡೀತು?

ಅಲ್ಲಿ ಬೇಕಾದದ್ದು ಅಡ್ರಿನಲಿನ್. ಅದು ಸಡಿಲಾದ ರಕ್ತನಾಳಗಳನ್ನು ಬಿಗಿಗೊಳಿಸುತ್ತದೆ, ಶ್ವಾಸನಾಳ ತೆರೆಯುತ್ತದೆ, ಹೃದಯಕ್ಕೆ ಬಲ ಕೊಡುತ್ತದೆ, ಇನ್ನೂ ಬಿಚ್ಚದ ಚೀಲಗಳು ಬಿಚ್ಚದಂತೆ ತಡೆಯುತ್ತದೆ. ಮೊದಲು ಅಡ್ರಿನಲಿನ್, ಆಮೇಲೆ ಏವಿಲ್ ಮತ್ತು ಇತರ ಔಷಧಿ. ಈ ಕ್ರಮ ಹಿಂದುಮುಂದಾಗಬಾರದು. ಅಡ್ರಿನಲಿನ್ ಹೃದಯದ ಮೇಲೆ ಬಲವಾಗಿ ಕೆಲಸ ಮಾಡುವ ಔಷಧಿಯಾದ್ದರಿಂದ ಅದನ್ನು ವೈದ್ಯರೇ ಕೊಡಬೇಕು. ಹಾಗಾಗಿ ಸೂಜಿಯನ್ನೂ ವೈದ್ಯರಿಂದಲೇ ಮಾಡಿಸಬೇಕು, ಮಾಡಿಸಿದ ಮೇಲೆ ಅರ್ಧ ತಾಸು ಅವರನ್ನು ಚಹಾ ಕುಡಿಸಿ ಕೂರಿಸಿಕೊಳ್ಳಬೇಕು!

ಇನ್ನೊಂದು ಸಂಗತಿ ಆಮೇಲೆ ತಿಳಿಯಿತು. ಹಿಂದಿನ ಸೂಲಿನಲ್ಲಿ ಅದೇ ಔಷಧಿ ಕೊಟ್ಟಾಗ ಆ ಎಮ್ಮೆಯ ಕಣ್ಣು ಬಾತಿದ್ದವಂತೆ. ಅದು ಮುನ್ಸೂಚನೆಯಾಗಿತ್ತು. ಯಾರೂ ಬರೆದಿಟ್ಟಿರಲಿಲ್ಲ, ನನಗೂ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಅಂದಿನಿಂದ ನಾನು ಸೂಜಿ ತುಂಬುವ ಮೊದಲು ಕೇಳುತ್ತೇನೆ.

ಲಸಿಕೆಯ ಬಗ್ಗೆ ತಪ್ಪು ತಿಳಿವಳಿಕೆ ಬೇಡ

ಇದನ್ನು ಕೇಳಿ ಯಾರೂ ಕಾಲುಬಾಯಿ ಬೇನೆಯ ಲಸಿಕೆ ಹಾಕಿಸುವುದನ್ನು ಬಿಡಬಾರದು. ಕೇಂದ್ರ ಸರಕಾರ 2019ರಲ್ಲಿ ಆರಂಭಿಸಿದ ರಾಷ್ಟ್ರೀಯ ಕಾರ್ಯಕ್ರಮದಡಿ ಈ ಲಸಿಕೆಯನ್ನು ಉಚಿತವಾಗಿ ಹಾಕಲಾಗುತ್ತಿದೆ. ಲಸಿಕೆಯಿಂದ ಒಂದೊಂದು ದನಕ್ಕೆ ಮೈ ಬಾಯುವುದು, ಅಪರೂಪಕ್ಕೆ ತೀವ್ರ ಅಲರ್ಜಿ ಆಗುವುದು ನಿಜ. ಆದರೆ ಕಾಲುಬಾಯಿ ಬೇನೆ ಊರಿಗೆ ಹೊಕ್ಕರೆ ಓಣಿ ಓಣಿಯ ದನಗಳೂ ಹಾಲು ಕಳೆದುಕೊಳ್ಳುತ್ತವೆ. ಲಸಿಕೆ ಹಾಕಿಸಿದ ಮೇಲೆ ಅರ್ಧ ತಾಸು ದನವನ್ನು ಕಣ್ಣಿಟ್ಟು ನೋಡಿಕೊಳ್ಳಿ. ಹಾಕಿಸಿದ ಕೂಡಲೇ ಹೊಲಕ್ಕೆ ಅಟ್ಟಬೇಡಿ. ಲಸಿಕೆಗಾರರು ಊರು ಬಿಡುವ ಮೊದಲೇ ತೊಂದರೆ ಕಂಡರೆ ಅವರಿಂದ ಚಿಕಿತ್ಸೆ ಸಿಗುತ್ತದೆ.

ಮನೆಯ ಮಂದಿಯ ವಿಷಯ

ದನಕ್ಕೆ ಹೇಳಿದ್ದು ಮನುಷ್ಯರಿಗೂ ಅನ್ವಯಿಸುತ್ತದೆ. ಕಣಿಕಿ ತರಲು ಹೋದಾಗ ಮರದ ಹೆಜ್ಜೇನು ಎದ್ದು ಕಡಿಯುವುದು ನಮ್ಮಲ್ಲಿ ಹೊಸದಲ್ಲ. ಮುಳ್ಳುಗಳನ್ನು ತಡಮಾಡದೆ ಕೆರೆದು ತೆಗೆಯಬೇಕು. ಕಡಿದ ಜಾಗ ಬಾತರೆ, ತುರಿಸಿದರೆ ಗುಳಿಗೆ ಸಾಕು. ಆದರೆ ನಾಲಿಗೆ, ಗಂಟಲು ಬಾತರೆ, ಧ್ವನಿ ಬದಲಾದರೆ, ಉಸಿರು ಕಟ್ಟಿದರೆ, ಕಣ್ಣು ಕತ್ತಲೆ ಬಂದರೆ ಗುಳಿಗೆ ನುಂಗಿಸುತ್ತ ಕೂರಬಾರದು. 108ಕ್ಕೆ ಫೋನು ಮಾಡಿ ಆಸ್ಪತ್ರೆಗೆ ಒಯ್ಯಬೇಕು. ಅಲ್ಲಿ ತೊಡೆಯ ಹೊರಭಾಗದ ಮಾಂಸಖಂಡಕ್ಕೆ ಅಡ್ರಿನಲಿನ್ ಕೊಡುತ್ತಾರೆ. ಹಾವು ಕಡಿತಕ್ಕೆ ಕೊಡುವ ಪ್ರತಿವಿಷದಿಂದಲೂ ಕೆಲವರಿಗೆ ಇಂಥ ಅಲರ್ಜಿಯಾಗುವುದರಿಂದ ಅದನ್ನು ಕೊಡುವಾಗ ಅಡ್ರಿನಲಿನ್ ಪಕ್ಕದಲ್ಲೇ ಸಿದ್ಧವಾಗಿರುತ್ತದೆ. ಹಾವು ಕಡಿತಕ್ಕೆ ಏವಿಲ್ ಮದ್ದಲ್ಲ.

ಕೆಂಪು ಚೇಳಿನ ಕಡಿತಕ್ಕೂ ಅದು ಮದ್ದಲ್ಲ. ಆ ವಿಷ ನರಗಳನ್ನು ಕೆರಳಿಸಿ ಹೃದಯದ ಮೇಲೆ ಭಾರ ಹಾಕುತ್ತದೆ. ನೆರೆಯ ಮಹಾರಾಷ್ಟ್ರದ ಮಹಾಡ್‌ನಲ್ಲಿ ಡಾ. ಹಿಮ್ಮತರಾವ್ ಬಾವಸ್ಕರ್ ಅವರು ಪ್ರಾಜೋಸಿನ್ ಎಂಬ ಗುಳಿಗೆಯಿಂದ ಇದಕ್ಕೆ ಚಿಕಿತ್ಸೆ ರೂಪಿಸಿ ಅನೇಕರ ಜೀವ ಉಳಿಸಿದರು. 2022ರಲ್ಲಿ ಅವರಿಗೆ ಪದ್ಮಶ್ರೀ ದೊರೆಯಿತು. ಚೇಳು ಕಡಿದ ಮಗುವಿಗೆ ಬೆವರು, ವಾಂತಿ, ಕೈಕಾಲು ತಣ್ಣಗಾಗುವುದು ಕಂಡರೆ ಒಂದು ನಿಮಿಷವೂ ತಡಮಾಡಬಾರದು.

ಕಾಂಗ್ರೆಸ್ ಕಸದ ವಿಷಯವೂ ಹೀಗೆಯೇ. ಅದರ ಹೂವಿನ ಧೂಳಿಗೆ ಸೀನು ಬರುವುದು ಹಿಸ್ಟಮಿನ್‌ನಿಂದ. ಆದರೆ ಕೈ, ಕತ್ತು, ಮುಖದ ಚರ್ಮ ಕಪ್ಪಾಗಿ ಒರಟಾಗಿ ಕೆರೆಯುವುದು ಬೇರೆ ಬಗೆಯ ನಿಧಾನದ ಅಲರ್ಜಿ. ಅದಕ್ಕೆ ಚರ್ಮರೋಗ ವೈದ್ಯರ ಚಿಕಿತ್ಸೆ ಬೇಕು, ಕಸದ ಸಂಪರ್ಕ ತಪ್ಪಬೇಕು.

ಮೀನು ತಿನ್ನುವವರಿಗೆ ಒಂದು ಮಾತು. ಬಂಗಡೆಯಂಥ ಸಮುದ್ರದ ಮೀನು ಬರ್ಫವಿಲ್ಲದೆ ಬಿಸಿಲಲ್ಲಿದ್ದರೆ ಅದರಲ್ಲಿ ಅಣುಜೀವಿಗಳು ಹಿಸ್ಟಮಿನ್ ತಯಾರಿಸುತ್ತವೆ. ಬೇಯಿಸಿದರೂ ಅದು ಹೋಗುವುದಿಲ್ಲ. ತಿಂದ ಸ್ವಲ್ಪ ಹೊತ್ತಿಗೆ ಮುಖ ಕೆಂಪೇರಿ ದದ್ದು ಏಳುತ್ತವೆ. ಹಾಲನ್ನು ಬೇಗ ತಂಪು ಮಾಡಬೇಕೆಂದು ಸಂಘದವರು ಹೇಳುವುದೂ ಅಣುಜೀವಿಗಳಿಗೆ ಸಮಯ ಕೊಡಬಾರದೆಂದೇ.

ನಿದ್ದೆ ಮತ್ತು ಎದೆ ಉರಿ

ಮೆದುಳಿನಲ್ಲಿ ಹಿಸ್ಟಮಿನ್ ನಮ್ಮನ್ನು ಎಚ್ಚರವಾಗಿಡುತ್ತದೆ. ಏವಿಲ್‌ನಂಥ ಹಳೆಯ ಗುಳಿಗೆಗಳು ಅಲ್ಲಿಗೂ ಹೋಗಿ ಕೀಲಿ ಮುಚ್ಚುವುದರಿಂದ ನಿದ್ದೆ ಬರುತ್ತದೆ. ಅದನ್ನು ತೆಗೆದುಕೊಂಡವರು ಟ್ರ್ಯಾಕ್ಟರ್, ಮೋಟಾರ್ ಸೈಕಲ್ ನಡೆಸಬಾರದು, ಕಣಿಕಿ ಕತ್ತರಿಸುವ ಯಂತ್ರಕ್ಕೆ ಕೈ ಹಾಕಬಾರದು.

ಹೊಟ್ಟೆಯಲ್ಲಿ ಹುಳಿರಸ ಸುರಿಯಲು ಹೇಳುವುದೂ ಹಿಸ್ಟಮಿನ್ನೇ. ಆದರೆ ಅಲ್ಲಿನ ಕೀಲಿ ಬೇರೆ. ಹಳೆಯ ಔಷಧಿಗಳು ಅದಕ್ಕೆ ಹೊಂದುವುದಿಲ್ಲ. ಜೇಮ್ಸ್ ಬ್ಲ್ಯಾಕ್ ಎಂಬ ವಿಜ್ಞಾನಿ ಮತ್ತು ಸಂಗಡಿಗರ ಪ್ರಯತ್ನದಿಂದ 1976ರಲ್ಲಿ ಸಿಮೆಟಿಡಿನ್ ಬಳಕೆಗೆ ಬಂತು. ಹುಣ್ಣಿಗೆ ಆಪರೇಶನ್ ಮಾಡಿಸಿಕೊಳ್ಳಬೇಕಾಗಿದ್ದ ಎಷ್ಟೋ ಜನ ಗುಳಿಗೆಯಿಂದ ಗುಣ ಕಂಡರು. 1988ರಲ್ಲಿ ಬ್ಲ್ಯಾಕ್ ಅವರಿಗೆ ನೊಬೆಲ್ ಸಂದಿತು. ಅದೇ ಗುಂಪಿನ ರಾನಿಟಿಡಿನ್ ಗುಳಿಗೆ ನಮ್ಮ ಊರುಗಳಲ್ಲೂ ಮನೆಮಾತಾಗಿತ್ತು. ಅದರಲ್ಲಿ ಹಾನಿಕರ ಕಲ್ಮಶ ಕಂಡುಬಂದದ್ದರಿಂದ 2022ರಲ್ಲಿ ಕೇಂದ್ರ ಸರಕಾರದ ಅಗತ್ಯ ಔಷಧಿಗಳ ಪಟ್ಟಿಯಿಂದ ಅದನ್ನು ಕೈಬಿಡಲಾಯಿತು. ಎದೆ ಉರಿಗೆ ವರ್ಷಗಟ್ಟಲೆ ತಾವೇ ಗುಳಿಗೆ ಕೊಂಡು ನುಂಗುವವರು ಒಮ್ಮೆ ವೈದ್ಯರನ್ನು ಕಾಣಬೇಕು.

ಸದಸ್ಯರು ನೆನಪಿಡಬೇಕಾದ ಅಂಶಗಳು

1. ಮನೆಯಲ್ಲಿ ಉಳಿದ ಔಷಧಿಯನ್ನು ದನಕ್ಕೆ ತಾವೇ ಚುಚ್ಚಬೇಡಿ.

2. ಯಾವ ದನಕ್ಕೆ ಯಾವ ಔಷಧಿಯಿಂದ ಮೈ ಬಾತಿತ್ತು ಎಂಬುದನ್ನು ಅದರ ಕಿವಿಯೋಲೆಯ 12 ಅಂಕಿಯ ಸಂಖ್ಯೆಯೊಂದಿಗೆ ಹಾಲಿನ ಪಾಸ್ ಪುಸ್ತಕದ ಕೊನೆಯ ಪುಟದಲ್ಲಿ ಬರೆದಿಡಿ. ವೈದ್ಯರು ಕೇಳದಿದ್ದರೂ ತೋರಿಸಿ. ದನ ಮಾರಿದರೆ ಕೊಂಡವರಿಗೂ ಹೇಳಿ.

3. ಸೂಜಿ ಅಥವಾ ಲಸಿಕೆಯ ನಂತರ ಅರ್ಧ ತಾಸು ದನವನ್ನು ಗಮನಿಸಿ.

4. ದದ್ದು, ತುರಿಕೆ, ರೆಪ್ಪೆ ಬಾವು ಮಾತ್ರ ಇದ್ದರೆ ಏವಿಲ್ ಸಾಕಾಗಬಹುದು. ಏದುಸಿರು, ಬಾಯಲ್ಲಿ ನೊರೆ, ಕುಸಿಯುವುದು ಕಂಡರೆ ಏವಿಲ್ ಸಾಲದು. ಆ ಕ್ಷಣವೇ ವೈದ್ಯರನ್ನು ಕರೆಯಿರಿ. ಸಂಚಾರಿ ಪಶು ಚಿಕಿತ್ಸಾಲಯದ ಸಂಖ್ಯೆ 1962.

5. ಔಷಧಿ ಕೊಟ್ಟ ದನದ ಹಾಲನ್ನು ವೈದ್ಯರು ಹೇಳಿದಷ್ಟು ದಿನ ಸಂಘಕ್ಕೆ ಹಾಕಬೇಡಿ. ಆ ಹಾಲಿನಲ್ಲಿ ಉಳಿದ ಪೆನಿಸಿಲಿನ್, ಅದು ಒಗ್ಗದ ಇನ್ನೊಬ್ಬರ ಮಗುವಿಗೆ ಅಲರ್ಜಿ ತಂದೀತು.

ಬಂಧುಗಳೇ, ಹಿಸ್ಟಮಿನ್ ನಮ್ಮ ವೈರಿಯಲ್ಲ. ಅದು ಕೂಗಿದಾಗ ಯಾಕೆ ಕೂಗಿತು ಎಂದು ಮೊದಲು ನೋಡಬೇಕು. ಆ ವಸ್ತಿಯ ತಾಯಿ ಈಗ ಮತ್ತೊಂದು ಎಮ್ಮೆ ಕಟ್ಟಿದ್ದಾರೆ. ಹೋದ ಸಲ ನಾನು ಅಲ್ಲಿಗೆ ಹೋದಾಗ, ಚೀಲ ತೆರೆಯುವ ಮೊದಲೇ ಅವರು ಪಾಸ್ ಪುಸ್ತಕದ ಕೊನೆಯ ಪುಟ ತೆಗೆದು ನನ್ನ ಮುಂದೆ ಹಿಡಿದರು. ನಾಲ್ಕೂ ತಾಲೂಕಿನ ಪ್ರತಿ ಮನೆಯಲ್ಲೂ ಹಾಗಾಗಲಿ ಎಂದು ಹಾರೈಸಿ ನನ್ನ ಮಾತು ಮುಗಿಸುತ್ತೇನೆ.